ಹೆರಿಗೆ ರಜೆಯ ನಂತರ ಬದಲಾದ ಮೇಜು, ಕಿಟಕಿಯ ಮೇಲಿನ ಬೇರೆ ಲೋಟ

ಪ್ರಶ್ನೆ: ತುಮಕೂರಿನ ಬಳಿ, ಸುಮಾರು 180 ಜನ ಕೆಲಸ ಮಾಡುವ ಬಿಡಿಭಾಗ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ನಾನು 6 ವರ್ಷಗಳಿಂದ ಇನ್‌ಸ್ಪೆಕ್ಟರ್ ಆಗಿದ್ದೇನೆ. ಅಕ್ಟೋಬರ್‌ನಿಂದ 26 ವಾರ ಹೆರಿಗೆ ರಜೆಯಲ್ಲಿದ್ದು ಏಪ್ರಿಲ್‌ನಲ್ಲಿ ಮರಳಿದಾಗ ನಾನು ನೋಡುತ್ತಿದ್ದ ಲೈನನ್ನು ಬೇರೊಬ್ಬರಿಗೆ ಕೊಟ್ಟು, ನನ್ನನ್ನು ಕಡತ ಜೋಡಿಸಲು ರೆಕಾರ್ಡ್ ರೂಮಿಗೆ ಹಾಕಿದ್ದರು. ತಿಂಗಳಿಗೆ ಸಿಗುತ್ತಿದ್ದ 1,800 ರೂಪಾಯಿ ಪ್ರೊಡಕ್ಷನ್ ಇನ್ಸೆಂಟಿವ್ ನಿಂತುಹೋಯಿತು. ಅಪ್ರೈಸಲ್‌ನಲ್ಲಿ, ವರ್ಷಕ್ಕೆ 240 ತಪಾಸಣಾ ವರದಿಗಳ ಗುರಿಯಲ್ಲಿ 131 ಮಾತ್ರ ಆಗಿದೆ ಎಂದು ‘ಸಾಧಾರಣ’ ಎಂಬ ದರ್ಜೆ ಕೊಟ್ಟಿದ್ದಾರೆ. ನನಗಿಂತ ಎರಡು ವರ್ಷ ತಡವಾಗಿ ಅದೇ ಹುದ್ದೆಗೆ ಸೇರಿದ ಪುರುಷ ಸಹೋದ್ಯೋಗಿಗೆ ಮೂಲ ವೇತನವೇ 4,500 ರೂಪಾಯಿ ಹೆಚ್ಚಿದೆ. ಮ್ಯಾನೇಜರ್ ಒಳ್ಳೆಯವರು, “ಮಗು ಚಿಕ್ಕದಮ್ಮಾ, ಲೈನಿನ ಒತ್ತಡ ನಿಮಗ್ಯಾಕೆ, ಇಲ್ಲಿ ಆರಾಮಾಗಿರಿ” ಎನ್ನುತ್ತಾರೆ. ಇದು ತಾರತಮ್ಯವೇ, ಅಥವಾ ನಾನೇ ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿದ್ದೇನೆಯೇ? ಇನ್ನೊಂದು ಮಾತು: ನಮ್ಮ ಮಹಡಿ ಗುಡಿಸುವ ಗುತ್ತಿಗೆ ಕೆಲಸದ ಹೆಂಗಸಿಗೆ ಟೀ ಕೊಡುವ ಲೋಟವನ್ನು ಪ್ಯಾಂಟ್ರಿಯ ಕಿಟಕಿಯ ಮೇಲೆ ಬೇರೆಯಾಗಿ ಇಟ್ಟಿರುತ್ತಾರೆ. ಅದರ ಬಗ್ಗೆ ನಾನೇನಾದರೂ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು “ಮ್ಯಾನೇಜರ್ ಒಳ್ಳೆಯವರು” ಎಂಬ ಮಾತು. ಕಾರ್ಮಿಕ ಕಾನೂನಿನ ವಕೀಲೆಯಾಗಿ, ಕೆಲವು ಸಂಸ್ಥೆಗಳ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ನಾನು ಕಂಡ ಪ್ರಕರಣಗಳಲ್ಲಿ ದ್ವೇಷದಿಂದ ನಡೆದವು ಕಡಿಮೆ; ಕಾಳಜಿಯಿಂದ, ರೂಢಿಯಿಂದ, ‘ಮೊದಲಿನಿಂದಲೂ ಹೀಗೇ’ ಎಂಬ ಸಮಾಧಾನದಿಂದ ನಡೆದವೇ ಹೆಚ್ಚು. ಆದ್ದರಿಂದ ಮ್ಯಾನೇಜರ್ ಅವರ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕುವುದನ್ನು ಮೊದಲು ಬಿಡಿ. ಅದು ನಿಮಗೂ ಸಿಗುವುದಿಲ್ಲ, ಎಷ್ಟೋ ಸಲ ಅವರಿಗೂ ಸ್ಪಷ್ಟವಿರುವುದಿಲ್ಲ. ನೀವು ಕೇಳಿಕೊಳ್ಳಬೇಕಾದದ್ದು ಬೇರೆಯೇ: ನನ್ನ ಪಕ್ಕದಲ್ಲಿ, ನನ್ನಂಥದೇ ಕೆಲಸ ಮಾಡುವವರು ಯಾರು? ಅವರಿಗೆ ಸಿಕ್ಕಿದ್ದು ನನಗೆ ಸಿಕ್ಕಿಲ್ಲವಾದರೆ, ಆ ವ್ಯತ್ಯಾಸಕ್ಕೆ ಕೆಲಸಕ್ಕೆ ಸಂಬಂಧಿಸಿದ ಕಾರಣವೇನು? ಆ ಕಾರಣವನ್ನು ಅವರು ಬರವಣಿಗೆಯಲ್ಲಿ ಕೊಡಬಲ್ಲರೇ? ಈ ಮೂರು ಪ್ರಶ್ನೆಗಳಿಂದ ನಿಮ್ಮ ಮೂರು ದೂರುಗಳನ್ನೂ ಒಂದೊಂದಾಗಿ ಅಳೆಯೋಣ. ಮೂರಕ್ಕೂ ಒಂದೇ ಬಲವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಅಪ್ರೈಸಲ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಲೆಕ್ಕವೇ ಮಾತಾಡುತ್ತದೆ. ವರ್ಷಕ್ಕೆ 240 ಎಂದರೆ ತಿಂಗಳಿಗೆ 20 ವರದಿ. ನೀವು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 6 ತಿಂಗಳು ಲೈನಿನಲ್ಲಿದ್ದಿರಿ, ಆ ಅವಧಿಯ ಗುರಿ 120. ನೀವು ಮಾಡಿದ್ದು 131. ಅಂದರೆ ಗುರಿಯ ಶೇ 109ರಷ್ಟು ಕೆಲಸ ಮಾಡಿದವರನ್ನು, ಕಾನೂನೇ ಕೊಟ್ಟ ರಜೆಯನ್ನು ಗೈರುಹಾಜರಿಯಂತೆ ಎಣಿಸಿ, ಶೇ 55 ಎಂದು ತೋರಿಸಲಾಗಿದೆ. ಇದನ್ನು ಯಾರೂ ಬೇಕೆಂದೇ ಮಾಡಿರಲಾರರು. ಕಂಪ್ಯೂಟರಿನ ಹಾಳೆಯಲ್ಲಿ ಎಲ್ಲರಿಗೂ 240 ಎಂದೇ ತುಂಬಿರುತ್ತದೆ. ನಿಮ್ಮದನ್ನು ಬದಲಿಸಬೇಕೆಂದು ಯಾರಿಗೂ ಹೊಳೆದಿಲ್ಲ. ಎಲ್ಲರಿಗೂ ಒಂದೇ ಅಳತೆ ಎಂದು ಮೇಲ್ನೋಟಕ್ಕೆ ಕಾಣುವ ನಿಯಮವೇ ಒಂದು ಗುಂಪಿನ ಮೇಲೆ ಹೆಚ್ಚಿನ ಹೊರೆ ಹೊರಿಸಿದರೆ ಅದನ್ನು ಪರೋಕ್ಷ ತಾರತಮ್ಯ ಎನ್ನುತ್ತೇವೆ, ಮತ್ತು ಅದಕ್ಕೆ ಉದ್ದೇಶದ ಪುರಾವೆ ಬೇಕಿಲ್ಲ.

ನಮ್ಮ ದೇಶದಲ್ಲಿ ಈ ತತ್ತ್ವ ಗಟ್ಟಿಯಾಗಿ ನೆಲೆಯೂರಿದ್ದು ಸೈನ್ಯದ ಮಹಿಳಾ ಅಧಿಕಾರಿಗಳ ಪ್ರಕರಣದಲ್ಲಿ. ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದ ತೀರ್ಪನ್ನು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಕೊಟ್ಟಿತು. ಕಾಯಂ ನೇಮಕಾತಿ ಬೇಕೆಂದರೆ ನಿರ್ದಿಷ್ಟ ದೈಹಿಕ ಕ್ಷಮತೆ ಇರಬೇಕೆಂಬ ನಿಯಮ ಗಂಡಸರಿಗೂ ಹೆಂಗಸರಿಗೂ ಒಂದೇ ಆಗಿತ್ತು. ಆದರೆ ಗಂಡಸರನ್ನು ಸೇವೆಯ ಆರಂಭದ ವರ್ಷಗಳಲ್ಲೇ ಅಳೆಯಲಾಗಿತ್ತು. ವರ್ಷಗಟ್ಟಲೆ ಆ ಅವಕಾಶವನ್ನೇ ಪಡೆಯದಿದ್ದ ಮಹಿಳೆಯರನ್ನು ನಡುವಯಸ್ಸು ತಲುಪಿದ ಮೇಲೆ ಅದೇ ಮಾನದಂಡದಲ್ಲಿ ನಿಲ್ಲಿಸಲಾಯಿತು. ಅವರ ವಾರ್ಷಿಕ ಗೋಪ್ಯ ವರದಿಗಳನ್ನೂ, ಇವರಿಗೆ ಮುಂದೆ ಕಾಯಂ ಆಗುವ ದಾರಿಯೇ ಇಲ್ಲವಲ್ಲ ಎಂಬ ಕಾರಣಕ್ಕೆ, ಮೇಲಧಿಕಾರಿಗಳು ಗಂಭೀರವಾಗಿ ಬರೆದಿರಲಿಲ್ಲ; ಕೊನೆಗೆ ಅವೇ ವರದಿಗಳು ಅವರನ್ನು ಅಳೆಯುವ ಕೋಲಾದವು. ಇದು ಸಮಾನತೆಯ ವೇಷ ತೊಟ್ಟ ಅಸಮಾನತೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಸೈನ್ಯ ಸರ್ಕಾರದ್ದು, ನಿಮ್ಮ ಕಾರ್ಖಾನೆ ಖಾಸಗಿಯದು. ಹಾಗಾಗಿ ಆ ತೀರ್ಪನ್ನು ಹಿಡಿದು ನೇರವಾಗಿ ಸಂವಿಧಾನದ 14 ಮತ್ತು 15ನೇ ವಿಧಿಗಳ ಕೆಳಗೆ ಕಂಪನಿಯ ಮೇಲೆ ದಾವೆ ಹೂಡಲಾಗದು. ಆದರೆ ಕಂಪನಿಯ ವಕೀಲರ ಮುಂದೆ ಇಡಲು ಅದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ಗೊತ್ತಿಲ್ಲ.

ಇನ್ನು ರೆಕಾರ್ಡ್ ರೂಮಿನ ವಿಷಯ. ಹೆರಿಗೆ ರಜೆಯಲ್ಲಿರುವ ಮಹಿಳೆಯನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದಷ್ಟೇ ಅಲ್ಲ, ಆಕೆಯ ಸೇವಾ ಷರತ್ತುಗಳನ್ನು ಆಕೆಗೆ ನಷ್ಟವಾಗುವಂತೆ ಬದಲಿಸುವುದೂ ಕಾನೂನುಬಾಹಿರ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ರಕ್ಷಣೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಸಂಬಳ ಇಳಿಸದೆ ಮೇಜು ಮಾತ್ರ ಬದಲಿಸಿದ್ದರೆ, ಅದು ಆಡಳಿತದ ಅಧಿಕಾರ ಎಂದು ಕಂಪನಿ ವಾದಿಸಬಹುದಿತ್ತು, ಆ ವಾದಕ್ಕೆ ತೂಕವೂ ಇರುತ್ತಿತ್ತು. ನಿಮ್ಮ ಪ್ರಕರಣದಲ್ಲಿ 1,800 ರೂಪಾಯಿ ನಿಂತಿದೆ. ನಿಮ್ಮ ಕೈ ಮೇಲಾಗುವುದು ಅಲ್ಲಿಯೇ. ‘ಆರಾಮಾಗಿರಿ’ ಎಂಬ ಮಾತಿನ ಬೆಲೆ ವರ್ಷಕ್ಕೆ 21,600 ರೂಪಾಯಿ ಎಂದು ನೀವು ತೋರಿಸಬಲ್ಲಿರಿ.

ಆ ಮಾತಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಹೆಣ್ಣಿನ ಸಂಸಾರವನ್ನು ಆಕೆಯ ಪರವಾಗಿ ಇನ್ನೊಬ್ಬರು ಯೋಚಿಸಿ ತೀರ್ಮಾನಿಸುವ ಈ ಔದಾರ್ಯ ಹೊಸದಲ್ಲ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರು 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತು. ಮಹಿಳಾ ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡಿಯಾಗುತ್ತದೆ ಎನ್ನಿಸಿದರೆ ರಾಜೀನಾಮೆ ಕೇಳಬಹುದು ಎಂದು ಸೇವಾ ನಿಯಮಗಳೇ ಹೇಳುತ್ತಿದ್ದವು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು; ಆದರೂ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಕಟುವಾಗಿ ಟೀಕಿಸಿ, ಸಂಸಾರ ಅಡ್ಡಿಯಾಗುವುದಾದರೆ ಗಂಡಸಿಗೇಕೆ ಆಗುವುದಿಲ್ಲ ಎಂಬರ್ಥದ ಪ್ರಶ್ನೆ ಎತ್ತಿದರು. ಇದೆಲ್ಲ ಹಳೆಯ ಕಥೆ ಎಂದುಕೊಳ್ಳಬೇಡಿ. ಮದುವೆಯಾದ ಕಾರಣಕ್ಕೆ 1988ರಲ್ಲಿ ಸೇವೆಯಿಂದ ಬಿಡುಗಡೆಗೊಂಡಿದ್ದ ಸೇನಾ ನರ್ಸ್ ಸೆಲಿನಾ ಜಾನ್ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ಆದೇಶ ಬಂದದ್ದು 2024ರ ಫೆಬ್ರವರಿಯಲ್ಲಿ. ನಿಮ್ಮ ಮ್ಯಾನೇಜರ್ ಅವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ನಿಮ್ಮ ವಿಭಾಗದಲ್ಲಿ ಇತ್ತೀಚೆಗೆ ತಂದೆಯಾದ ಯಾರನ್ನಾದರೂ ‘ಮಗು ಚಿಕ್ಕದು’ ಎಂದು ರೆಕಾರ್ಡ್ ರೂಮಿಗೆ ಕಳುಹಿಸಿದ್ದುಂಟೇ ಎಂದು ಕೇಳಿದರೆ ಸಾಕು.

ಎಳೆಯ ಮಗುವಿನ ತಾಯಿಗೆ ನಿಜವಾಗಿ ಅನುಕೂಲ ಮಾಡಿಕೊಡಬೇಕೆಂದಿದ್ದರೆ ಕಾನೂನೇ ದಾರಿ ತೋರಿಸಿದೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರಲು ತಾಯಿಗೆ ಅವಕಾಶವಿರಬೇಕು, ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ಎರಡು ಬಿಡುವು ಕೊಡಬೇಕು. ನಿಮ್ಮಲ್ಲಿ 180 ಜನರಿದ್ದಾರೆ. ಶಿಶುಪಾಲನಾ ಕೇಂದ್ರದ ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲದಿರುವುದರಿಂದ ಅದು ಇಲ್ಲವೆಂದೇ ಊಹಿಸುತ್ತೇನೆ. ಕೊಡಬೇಕಾದ ಕೋಣೆಯನ್ನು ಕೊಡದೆ, ಕೇಳದ ಕೋಣೆಯನ್ನು ಕೊಟ್ಟಂತಾಯಿತು.

ಸಂಬಳದ ವ್ಯತ್ಯಾಸದ ಬಗ್ಗೆ ನೀವು ಸ್ವಲ್ಪ ಎಚ್ಚರದಿಂದ ಹೆಜ್ಜೆ ಇಡಬೇಕು. 1976ರ ಸಮಾನ ವೇತನ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. ಒಂದೇ ಕೆಲಸಕ್ಕೆ, ಇಲ್ಲವೇ ಒಂದೇ ಸ್ವರೂಪದ ಕೆಲಸಕ್ಕೆ, ಲಿಂಗದ ಕಾರಣದಿಂದ ಬೇರೆ ಬೇರೆ ವೇತನ ಕೊಡುವಂತಿಲ್ಲ ಎಂಬುದು ಅದರ ಸಾರ. ಕೆಲಸ ಒಂದೇ ಸ್ವರೂಪದ್ದೇ ಎಂದು ನೋಡುವಾಗ ಕೌಶಲ, ಶ್ರಮ, ಅನುಭವ, ಹೊಣೆಗಾರಿಕೆ ಎಂಬ ನಾಲ್ಕನ್ನು ತೂಗುತ್ತಾರೆ. ನಿಮ್ಮ ಸಹೋದ್ಯೋಗಿ ಇಲ್ಲಿಗೆ ಬರುವ ಮೊದಲು ಬೇರೆಡೆ ಎಂಟು ವರ್ಷ ಇದೇ ಕೆಲಸ ಮಾಡಿದ್ದರೆ, ಅಥವಾ ಗ್ರಾಹಕ ಕಂಪನಿಯ ಆಡಿಟ್‌ಗೆ ಸಹಿ ಹಾಕುವ ಹೊಣೆ ಅವರದಾಗಿದ್ದರೆ, 4,500 ರೂಪಾಯಿಗೆ ನ್ಯಾಯವಾದ ಕಾರಣ ಇರಬಹುದು. ಅದನ್ನು ತಿಳಿಯದೆ ಆರೋಪ ಹೊರಿಸಬೇಡಿ. ಆದರೆ ‘ಅವರು ನೈಟ್ ಶಿಫ್ಟ್ ಮಾಡುತ್ತಾರೆ’ ಎಂಬ ಉತ್ತರ ಬಂದರೆ ಒಪ್ಪಿಕೊಳ್ಳಬೇಡಿ. ರಾತ್ರಿ ಪಾಳಿಗೆ ಭತ್ಯೆ ಬೇರೆ ಇರುತ್ತದೆ, ಅದು ಮೂಲ ವೇತನದ ವ್ಯತ್ಯಾಸವನ್ನು ವಿವರಿಸುವುದಿಲ್ಲ. ಮೇಲಾಗಿ, ಸಂಜೆ 7ರ ನಂತರ ಮತ್ತು ಬೆಳಿಗ್ಗೆ 6ರ ಮೊದಲು ಮಹಿಳೆಯರನ್ನು ಅವರ ಒಪ್ಪಿಗೆ ಪಡೆದು, ಸುರಕ್ಷತೆಯ ವ್ಯವಸ್ಥೆಯೊಂದಿಗೆ ನಿಯೋಜಿಸಲು ಈಗಿನ ಕಾನೂನು ಅವಕಾಶ ಕೊಡುತ್ತದೆ. ಹಾಗಿರುವಾಗ ನಿಮ್ಮನ್ನು ಯಾವತ್ತಾದರೂ ಕೇಳಿದ್ದರೇ? ಕೇಳದೆಯೇ ‘ಹೆಂಗಸರು ಬರುವುದಿಲ್ಲ’ ಎಂದು ಬರೆದುಕೊಂಡಿದ್ದರೆ ಅದೂ ನಿಮ್ಮ ಪಟ್ಟಿಗೆ ಸೇರಲಿ.

ಹುದ್ದೆಯ ಹೆಸರನ್ನು ಬದಲಿಸಿ ವ್ಯತ್ಯಾಸವನ್ನು ಮುಚ್ಚಿಡುವ ಉಪಾಯವೂ ಉಂಟು. ಮ್ಯಾಕಿನನ್ ಮೆಕೆಂಜಿ ಎಂಬ ಹಡಗು ಕಂಪನಿಯಲ್ಲಿ ಮಹಿಳಾ ಸ್ಟೆನೊಗ್ರಾಫರ್‌ಗಳಿಗೆ ‘ಕಾನ್ಫಿಡೆನ್ಷಿಯಲ್ ಲೇಡಿ ಸ್ಟೆನೊಗ್ರಾಫರ್’ ಎಂದೇ ಬೇರೆ ಹೆಸರಿಟ್ಟು, ಗಂಡಸರಿಗಿಂತ ಕಡಿಮೆ ಸಂಬಳ ಕೊಡುತ್ತಿದ್ದರು. ಆಡ್ರಿ ಡಿ’ಕೋಸ್ಟಾ ಎಂಬ ಉದ್ಯೋಗಿ ಅದನ್ನು ಪ್ರಶ್ನಿಸಿದರು. ಯೂನಿಯನ್ ಜೊತೆ ಒಪ್ಪಂದವಾಗಿದೆ, ಸಮಾನ ವೇತನ ಕೊಡುವಷ್ಟು ಹಣ ನಮ್ಮಲ್ಲಿಲ್ಲ ಎಂಬ ಕಂಪನಿಯ ವಾದಗಳೆರಡನ್ನೂ ಸುಪ್ರೀಂ ಕೋರ್ಟ್ 1987ರಲ್ಲಿ ತಳ್ಳಿಹಾಕಿತು. ಆ ತೀರ್ಪು ಬರೆದವರು ಮಂಡ್ಯ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು. ಇನ್ನೊಂದು ಭಯ ನಿಮಗಿರಬಹುದು: ನಾನು ಕೇಳಿದ್ದರಿಂದ ಅವರ ಸಂಬಳಕ್ಕೆ ಕತ್ತರಿ ಬಿದ್ದರೆ? ಬೀಳುವಂತಿಲ್ಲ. ಸಮಾನತೆ ತರುವ ನೆಪದಲ್ಲಿ ಯಾರ ವೇತನವನ್ನೂ ಇಳಿಸಬಾರದು ಎಂದು ಸಂಹಿತೆಯೇ ಹೇಳುತ್ತದೆ. ಇದನ್ನು ಆ ಸಹೋದ್ಯೋಗಿಗೂ ತಿಳಿಸಿ. ಇಂಥ ಜಗಳಗಳಲ್ಲಿ ಪಕ್ಕದವರು ಶತ್ರುಗಳಾಗುವುದು ಈ ಒಂದು ತಪ್ಪು ತಿಳಿವಳಿಕೆಯಿಂದ.

ಹಾಗಾದರೆ ಏನು ಮಾಡಬೇಕು. ಮೊದಲು ಕಾಗದಗಳು. ನೇಮಕಾತಿ ಪತ್ರ, ರಜೆಗೆ ಮೊದಲಿನ ಮತ್ತು ನಂತರದ ಸಂಬಳದ ಚೀಟಿಗಳು, ರಜೆ ಮಂಜೂರಾತಿ, ಲೈನು ಬದಲಿಸಿದ ಆದೇಶ ಇದ್ದರೆ ಅದು, ಹಿಂದಿನ ವರ್ಷಗಳ ಅಪ್ರೈಸಲ್‌ಗಳು. ಮಾತಿನಲ್ಲಿ ನಡೆದದ್ದನ್ನು ಅದೇ ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ದಿನಾಂಕ, ಸ್ಥಳ, ಯಾರಿದ್ದರು, ಯಾವ ಮಾತು. ಆದರೆ ಇತರರ ಸಂಬಳದ ಫೈಲನ್ನು ಕಂಪನಿಯ ಕಂಪ್ಯೂಟರಿನಿಂದ ನಿಮ್ಮ ಸ್ವಂತ ಇಮೇಲಿಗೆ ಕಳುಹಿಸಿಕೊಳ್ಳುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ನ್ಯಾಯವಾದ ದೂರಿದ್ದವರು ಆ ಒಂದು ಇಮೇಲಿನಿಂದಾಗಿ ತಾವೇ ಶಿಸ್ತುಕ್ರಮ ಎದುರಿಸಿದ್ದನ್ನು ನಾನು ಕಂಡಿದ್ದೇನೆ.

ನಂತರ ಎಚ್.ಆರ್. ವಿಭಾಗಕ್ಕೆ ಒಂದು ಪುಟದ ಪತ್ರ. ಅದರಲ್ಲಿ ‘ತಾರತಮ್ಯ’ ಎಂಬ ಶಬ್ದವನ್ನು ಮೊದಲ ಸಾಲಿನಲ್ಲೇ ಬಳಸಬೇಡಿ. ಅದನ್ನು ಕಂಡ ಕೂಡಲೇ ಪತ್ರ ವಕೀಲರ ಮೇಜಿಗೆ ಹೋಗುತ್ತದೆ, ಸರಿಪಡಿಸುವ ಮನಸ್ಸಿದ್ದವರೂ ಮೌನವಾಗುತ್ತಾರೆ. ಹೀಗೆ ಬರೆಯಬಹುದು: “ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 6 ತಿಂಗಳಲ್ಲಿ 120 ವರದಿಗಳ ಗುರಿಗೆ ಪ್ರತಿಯಾಗಿ 131 ವರದಿಗಳನ್ನು ಸಲ್ಲಿಸಿದ್ದೇನೆ. ಹೆರಿಗೆ ರಜೆಯ ಅವಧಿಯನ್ನು ಹೊರತುಪಡಿಸಿ ನನ್ನ ದರ್ಜೆಯನ್ನು ಮರುಪರಿಶೀಲಿಸಬೇಕೆಂದು ಕೋರುತ್ತೇನೆ. ರಜೆಯಿಂದ ಮರಳಿದ ನಂತರ ನನ್ನ ಕೆಲಸ ಬದಲಾಗಿ ತಿಂಗಳಿಗೆ 1,800 ರೂಪಾಯಿ ಕಡಿಮೆಯಾಗಿದೆ. ನಾನು ಈ ಬದಲಾವಣೆಯನ್ನು ಕೇಳಿರಲಿಲ್ಲ. ಹಿಂದಿನ ಲೈನಿಗೆ ಮರಳಿಸಬೇಕೆಂದೂ, ನನ್ನ ಹುದ್ದೆಗೆ ಮೂಲ ವೇತನ ನಿಗದಿಪಡಿಸುವ ಆಧಾರವನ್ನು ಲಿಖಿತವಾಗಿ ತಿಳಿಸಬೇಕೆಂದೂ ವಿನಂತಿ.” ಅಪ್ರೈಸಲ್ ಹಾಳೆಗೆ ಇನ್ನೂ ಸಹಿ ಹಾಕಿಲ್ಲವಾದರೆ, ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದು ಸಹಿ ಮಾಡಿ.

ಹದಿನೈದು ದಿನಗಳಲ್ಲಿ ಉತ್ತರ ಬರದಿದ್ದರೆ ಮುಂದಿನ ಬಾಗಿಲು ತಟ್ಟಿ. 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು; ಅದರಲ್ಲಿ ಆಡಳಿತದವರೂ ಕಾರ್ಮಿಕರೂ ಸಮಾನ ಸಂಖ್ಯೆಯಲ್ಲಿರಬೇಕು, ಮಹಿಳೆಯರಿಗೂ ತಕ್ಕ ಪ್ರಾತಿನಿಧ್ಯ ಇರಬೇಕು. ಘಟನೆ ನಡೆದ ಒಂದು ವರ್ಷದೊಳಗೆ ಅಲ್ಲಿ ಅರ್ಜಿ ಹಾಕಬಹುದು, 30 ದಿನಗಳಲ್ಲಿ ಅದು ಇತ್ಯರ್ಥವಾಗಬೇಕು. ನಿಮ್ಮ ಕೆಲಸ ಮೇಲ್ವಿಚಾರಣೆಯದು, ಸಂಬಳ 18,000 ರೂಪಾಯಿಗಿಂತ ಹೆಚ್ಚು ಎಂದು ಹೇಳಿ ನಿಮ್ಮನ್ನು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗಿಡಲು ನೋಡಬಹುದು; ಆದರೆ ಬಿಡಿಭಾಗ ಅಳೆದು ವರದಿ ಬರೆಯುವ ಇನ್‌ಸ್ಪೆಕ್ಟರ್ ಹೆಸರಿನಲ್ಲಷ್ಟೇ ಅಧಿಕಾರಿ ಎಂದು ವಾದಿಸಲು ಸಾಕಷ್ಟು ಅವಕಾಶವಿದೆ. ವೇತನದ ಬಾಕಿಯ ಹಕ್ಕನ್ನು ಕಾರ್ಮಿಕ ಇಲಾಖೆಯ ಪ್ರಾಧಿಕಾರದ ಮುಂದೆ ಮೂರು ವರ್ಷದೊಳಗೆ ಸಲ್ಲಿಸಬೇಕು. ವಕೀಲರ ಶುಲ್ಕದ ಚಿಂತೆ ಬೇಡ: ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, 15100 ಸಂಖ್ಯೆಗೆ ಕರೆ ಮಾಡಬಹುದು. ಅನೇಕರು ಇಂಥ ದೂರನ್ನು ಆಂತರಿಕ ಸಮಿತಿಗೆ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. 2013ರ ಕಾಯ್ದೆಯ ಆ ಸಮಿತಿ ಲೈಂಗಿಕ ಕಿರುಕುಳದ ದೂರುಗಳಿಗೆ ಮಾತ್ರ. ನಿಮ್ಮದು ಆ ವರ್ಗಕ್ಕೆ ಬರುವುದಿಲ್ಲ.

ಈ ಉತ್ತರವನ್ನು ನಿಮ್ಮ ಎಚ್.ಆರ್. ಅಧಿಕಾರಿಯೂ ಓದುತ್ತಾರೆಂದುಕೊಂಡು ಅವರಿಗೂ ಕೆಲವು ಮಾತು. ಸಮಾನತೆಯ ಪ್ರತಿಜ್ಞೆಯನ್ನು ಗೋಡೆಗೆ ಹಾಕಿಸುವುದಕ್ಕಿಂತ, ಪ್ರತಿ ಹುದ್ದೆಯ ವೇತನದ ಕನಿಷ್ಠ ಮತ್ತು ಗರಿಷ್ಠ ಮಿತಿಯನ್ನು ಸಂದರ್ಶನಕ್ಕೆ ಮೊದಲೇ ಬರೆದಿಡುವುದು ಹೆಚ್ಚು ಕೆಲಸ ಮಾಡುತ್ತದೆ. ಚೌಕಾಸಿ ಮಾಡಬಲ್ಲವನಿಗೆ ಹೆಚ್ಚು, ಕೊಟ್ಟದ್ದನ್ನು ಒಪ್ಪುವವಳಿಗೆ ಕಡಿಮೆ ಎಂಬ ರೋಗ ಶುರುವಾಗುವುದು ಅಲ್ಲಿ. ಸಂದರ್ಶನದಲ್ಲಿ ಹುಡುಗಿಗೆ ‘ಮದುವೆ ಯಾವಾಗ’ ಎಂದೂ, ಹುಡುಗನಿಗೆ ‘ನೀವು ಯಾವ ಪೈಕಿ’ ಎಂದೂ ಕೇಳುವುದನ್ನು ನಿಲ್ಲಿಸಿ. ‘ನಮ್ಮವರು’ ಎಂಬ ಪದ ನೇಮಕಾತಿಯ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ, ಆದರೂ ಎಷ್ಟೋ ನೇಮಕಾತಿಗಳನ್ನು ಅದೇ ನಿರ್ಧರಿಸುತ್ತದೆ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು; ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ 2019ರ ಕಾಯ್ದೆಯಂತೆ ದೂರು ಅಧಿಕಾರಿಯನ್ನು ಗುರುತಿಸಬೇಕು. ಇವೆರಡೂ ನಿಮ್ಮಲ್ಲಿವೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಕೊನೆಗೆ ಆ ಲೋಟ. ಅದಕ್ಕೆ ಪರೋಕ್ಷ, ಪ್ರತ್ಯಕ್ಷ ಎಂಬ ವಿಂಗಡಣೆಯ ಅಗತ್ಯವೇ ಇಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಸರ್ಕಾರವನ್ನಷ್ಟೇ ಅಲ್ಲ, ಪ್ರತಿಯೊಬ್ಬ ಖಾಸಗಿ ವ್ಯಕ್ತಿಯನ್ನೂ ಕಟ್ಟಿಹಾಕುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ದೌರ್ಜನ್ಯ ತಡೆ ಕಾಯ್ದೆಗಳಿವೆ. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ. ಆದರೂ ನಾಳೆಯೇ ದೂರು ಬರೆಯಿರಿ ಎಂದು ನಾನು ಹೇಳುವುದಿಲ್ಲ. ಲೋಟ ಆಕೆಯದು, ದೂರೂ ಆಕೆಯದೇ. ಗುತ್ತಿಗೆ ಕೆಲಸದಾಕೆಯನ್ನು ಮರುದಿನದಿಂದ ಬರಬೇಡ ಎನ್ನಲು ಗುತ್ತಿಗೆದಾರನಿಗೆ ಒಂದು ಫೋನ್ ಕರೆ ಸಾಕು, ಆಗ ನಿಮ್ಮ ಆತ್ಮಸಾಕ್ಷಿಯ ಖರ್ಚನ್ನು ಆಕೆ ಭರಿಸಿದಂತಾಗುತ್ತದೆ. ಮೊದಲು ಆಕೆಯೊಂದಿಗೆ ಕೂತು ಮಾತಾಡಿ, ಏನು ಬಯಸುತ್ತಾರೆಂದು ಕೇಳಿ. ದೂರು ಕೊಡುತ್ತೇನೆ ಎಂದರೆ ಸಾಕ್ಷಿಯಾಗಿ ನಿಲ್ಲಿ. ಬೇಡವೆಂದರೆ, ಆಕೆಯ ಹೆಸರೆತ್ತದೆ ಲೋಟವನ್ನು ಇಲ್ಲವಾಗಿಸುವ ದಾರಿ ನಿಮ್ಮ ಕೈಯಲ್ಲೇ ಇದೆ.

ನಾನು ಭೇಟಿ ಕೊಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಇಂಥದೇ ಲೋಟವೊಂದು ಪ್ಯಾಂಟ್ರಿಯ ಪೈಪಿನ ಹಿಂದೆ ಇರುತ್ತಿತ್ತು, ಅಂಚಿನಲ್ಲಿ ಒಂದು ಕೆಂಪು ಚುಕ್ಕೆಯೊಂದಿಗೆ. ‘ಅವರೇ ಬೇರೆ ಇಟ್ಟುಕೊಳ್ಳುತ್ತಾರೆ ಮೇಡಂ’ ಎಂದರು. ಕೇಳಿದರೆ ಆಕೆಯೂ ಹೌದೆಂದು ತಲೆಯಾಡಿಸಿದರು. ಚುಕ್ಕೆ ಹಾಕಿದವರು ಯಾರೆಂದು ಕೇಳಿದಾಗ ನೆಲ ನೋಡಿದರು. ಮುಂದಿನ ತಿಂಗಳು ಆಡಳಿತದವರು ಹಳೆಯ ಲೋಟ, ಕಪ್ಪುಗಳನ್ನೆಲ್ಲ ತೆಗೆಸಿ, ಮ್ಯಾನೇಜರ್‌ನಿಂದ ಹಿಡಿದು ಎಲ್ಲರಿಗೂ ಒಂದೇ ಅಳತೆಯ ಸ್ಟೀಲ್ ಲೋಟಗಳನ್ನು ತರಿಸಿದರು, ಒಂದೇ ಬುಟ್ಟಿಯಲ್ಲಿ ಇಡಿಸಿದರು. ಸಂತೋಷಪಟ್ಟೆ. ಮೂರು ತಿಂಗಳ ನಂತರ ಹೋದಾಗ ಬುಟ್ಟಿ ಒಂದೇ ಇತ್ತು, ಆದರೆ ಆಕೆ ಸಿಂಕಿನ ಮುಂದೆ ನಿಂತು ಅಷ್ಟೂ ಜನರ ಲೋಟಗಳನ್ನು ತೊಳೆಯುತ್ತಿದ್ದರು. ಆ ಕೆಲಸ ಆಕೆಯ ಗುತ್ತಿಗೆಯಲ್ಲಿ ಇರಲಿಲ್ಲ. ಕುಡಿದವರು ತಮ್ಮ ಲೋಟ ತಾವೇ ತೊಳೆದಿಡಬೇಕು ಎಂಬ ಸುತ್ತೋಲೆ ಹೊರಡಲು ಇನ್ನೂ ಎರಡು ತಿಂಗಳು ಹಿಡಿಯಿತು. ನೀವು ಹೊಸ ಲೋಟಗಳಿಗೆ ಅರ್ಜಿ ಬರೆಯುವಾಗ ಆ ಸುತ್ತೋಲೆಯನ್ನೂ ಅದರಲ್ಲೇ ಕೇಳಿಬಿಡಿ.